ಕತ್ತಲಲ್ಲೇ ಮುಗಿಯುವ ಕೀರ್ತನೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಅವತ್ತು ಟ್ರಂಕ್ ಕಟ್ಟಿಟ್ಟವನು ಊರಿಗೆ ಹೋಗದೆ ಯಾಕೆ ಉಳಿದೆ?" ಅಂತ. ಮಂಗಳೂರಿನ ಬಲ್ಮಠದಲ್ಲಿ ಪಾದ್ರಿಯಾಗಲು ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ ನಿನಗೂ ನಾನದನ್ನು ಹೇಳಿರಲಿಲ್ಲ ಅಲ್ವಾ?

ನನ್ನ ತಮ್ಮ ಹೊಳೆಯಲ್ಲಿ ಮುಳುಗಿ ತೀರಿಕೊಂಡು ಆಗ ಎರಡು ತಿಂಗಳು. ಮನೆಗೆ ಬಂದವರೆಲ್ಲ "ದೇವರ ಚಿತ್ತ" ಅಂದು, ಕಾಫಿ ಕುಡಿದು ಹೋಗಿದ್ದರು. ಹದಿನೇಳು ವರ್ಷದ ಹುಡುಗ ಕಣೋ. ಬೆಳಗಿನ ಆರಾಧನೆಯಲ್ಲಿ ನನ್ನ ಬಾಯಿ ತೆರೆಯುತ್ತಿರಲಿಲ್ಲ. ನಾಳೆ ನಾನೂ ಚರ್ಚಿನ ಸಭಾಪಾಲಕನಾಗಿ ಯಾರದೋ ಮನೆಯಲ್ಲಿ ಕೂತು ಇದನ್ನೇ ಹೇಳಬೇಕಲ್ಲ ಅನ್ನಿಸಿದಾಗ ಟ್ರಂಕ್ ಕಟ್ಟಿದೆ.

ಆ ವಾರವೇ ನಮ್ಮ ಹೀಬ್ರೂ ಸರ್ ಕ್ಲಾಸಿನಲ್ಲಿ ಬೈಬಲಿನ 88ನೇ ಕೀರ್ತನೆ ತೆಗೆದರು. 150 ಕೀರ್ತನೆಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಅಳು, ದೂರು, ಮೊರೆ. ಜಾಸ್ತಿಯವು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ. ಹೇಮಾನನೆಂಬ ಕವಿಯ ಹೆಸರಿನಲ್ಲಿರುವ ಇದು ಮಾತ್ರ ತಿರುಗುವುದೇ ಇಲ್ಲ. ಸರ್ ಅದರ ಕಡೆಯ ಪದವನ್ನು ಬಲದಿಂದ ಎಡಕ್ಕೆ ಬೋರ್ಡಿನ ಮೇಲೆ ಬರೆದರು, 'ಮಖ್‌ಶಾಖ್', ಅಂದರೆ ಕತ್ತಲು, ಸೀಮೆಸುಣ್ಣ ಕೆಳಗಿಟ್ಟರು. ಯಾರೋ "ಆಮೇಲೆ ಸರ್?" ಅಂದರು. "ಆಮೇಲೆ ಇಲ್ಲ. ಇಷ್ಟೇ. ಇದೂ ಪ್ರಾರ್ಥನೆಯೇ."

ಕ್ಲಾಸು ಮುಗಿದ ಮೇಲೆ ನನ್ನನ್ನು ಲೈಬ್ರರಿಗೆ ಕರೆದುಕೊಂಡು ಹೋದರು. ತಮ್ಮನ ಸುದ್ದಿ ಎತ್ತಲಿಲ್ಲ. 1894ರ ಕಿಟೆಲ್ ನಿಘಂಟು ತೆಗೆದು ಮೇಜಿನ ಮೇಲಿಟ್ಟು, 'ಮೊರೆ' ಹುಡುಕು ಅಂದರು. ಅವರ ಬೆರಳಿನ ಸುಣ್ಣದ ಪುಡಿ ಆ ಕಂದು ಹಾಳೆಗೆ ಅಂಟಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಕಡಲು ಮೊರೆಯುತ್ತದೆ ಅಂತೀವಿ. ದೇವರಿಗೆ ಮೊರೆಯಿಡು ಅಂತಲೂ ಅಂತೀವಿ. ಕಡಲು ಯಾವತ್ತಾದರೂ ಮೆಲ್ಲಗೆ ಮಾತಾಡಿದ್ದು ಕೇಳಿದ್ದೀಯಾ? ಮತ್ತೆ ನೀನು ಯಾಕೆ ಬಾಯಿ ಮುಚ್ಚಿಕೊಂಡಿದ್ದೀ?"

ಅವತ್ತು ಸಂಜೆ ತಣ್ಣೀರುಬಾವಿಯ ಕಡಲತೀರಕ್ಕೆ ಬಸ್ಸು ಹಿಡಿದೆ. ನೀರಿನ ಅಂಚಿಗೆ ನಿಂತು ಗಂಟಲು ಹರಿಯುವಷ್ಟು ಕೂಗಿದೆ, ದೇವರನ್ನು ಬೈದೆ. ಉತ್ತರ ಬರಲಿಲ್ಲ. ಆದರೆ ಎರಡು ತಿಂಗಳಲ್ಲಿ ಮೊದಲ ಸಲ ನಾನು ಅವನ ಜೊತೆ ಮಾತಾಡಿದ್ದೆ. ಮಾರನೇ ದಿನ ಟ್ರಂಕ್ ಬಿಚ್ಚಿದೆ.

ಹೋದ ವರ್ಷ ನಮ್ಮ ಸಭೆಯ ಒಂದು ಮನೆಯಲ್ಲಿ ಆರು ವರ್ಷದ ಮಗು ಹೋಯಿತು. ನೆಂಟರು ಮತ್ತದೇ ಮಾತು ಹೇಳುತ್ತಿದ್ದರು. ನಾನು ತಾಯಿಯ ಪಕ್ಕ ನೆಲದ ಮೇಲೆ ಕೂತು 88ನೇ ಕೀರ್ತನೆಯ ಹದಿನೆಂಟು ವಚನವನ್ನೂ ಓದಿ, ಒಂದು ಮಾತೂ ಸೇರಿಸದೆ ಬೈಬಲ್ ಮುಚ್ಚಿದೆ. ಆಕೆ ನನ್ನ ಕೈಯಿಂದ ಬೈಬಲ್ ತೆಗೆದುಕೊಂಡು, "ಇದು ಎಲ್ಲಿದೆ ಅಯ್ಯನವರೇ, ಗುರುತು ಹಾಕಿಕೊಡಿ" ಅಂದರು. ಸಾವಿನ ಮನೆಯಲ್ಲಿ ಇಂಥದ್ದು ಓದಬಾರದು, ನಿರೀಕ್ಷೆ ಕೊಡಬೇಕು ಅಂತ ಆಮೇಲೆ ಒಬ್ಬ ಹಿರಿಯರು ಹೇಳಿದರು. ನಾನು ಒಪ್ಪಲಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲನ್ನೇ, ಯಾಕೆ ಕೈಬಿಟ್ಟೆ ಅಂತ. ಇದನ್ನು ಹೇಳುವ ಧೈರ್ಯ ನನಗೆ ಕೊಟ್ಟವರು ಸರ್.

ಈಗ ಅವರಿಗೆ ಕಣ್ಣು ಮಂಜು, ಅಕ್ಷರ ಕಾಣುವುದಿಲ್ಲ. ಹೋದಾಗಲೆಲ್ಲ ನನ್ನಿಂದ ಹೀಬ್ರೂ ಓದಿಸುತ್ತಾರೆ. ಒಂದು ಸ್ವರ ತಪ್ಪಿದರೂ ಕುರ್ಚಿಯ ಕೈಯನ್ನು ಬೆರಳಿನಿಂದ ಕುಟ್ಟುತ್ತಾರೆ, ನಾನು ಹಿಂದಕ್ಕೆ ಹೋಗಿ ಸರಿಯಾಗಿ ಓದಬೇಕು. ನೀನೂ ಒಮ್ಮೆ ಹೋಗಿ ಬಾ. ಸಂಜೆ ನಾಲ್ಕರ ಮೇಲೆ ಎದ್ದಿರುತ್ತಾರೆ. ಪುಸ್ತಕ ಮರೆಯಬೇಡ.

ನಿನ್ನ ಗೆಳೆಯ