ಲೇತ್ ಮತ್ತೆ ಶುರು ಮಾಡುವವರಿಗೆ

ಗೆಳೆಯರೇ, ವರ್ಷಗಟ್ಟಲೆ ಮುಚ್ಚಿಟ್ಟ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಮತ್ತೆ ಓಡಿಸಲು ಹೊರಟಿದ್ದೀರಾ? ಮೊದಲೇ ಸ್ವಿಚ್ ಒತ್ತಬೇಡಿ. ಪ್ಲಗ್ ತೆಗೆದು, ತುಂಡನ್ನು ಹಿಡಿದು ತಿರುಗುವ ಚಕ್ ಅನ್ನು ಕೈಯಲ್ಲೇ ತಿರುಗಿಸಿ ನೋಡಿ. ಹಳೇ ಎಣ್ಣೆ ಅಂಟಂಟಾಗಿರುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಹೊಸದು ಬಿಡಿ.

ನಾನು ಸುಮ್ನೆ ಆತುರಪಟ್ಟು ಸೀದಾ ಮಾದರಿ ಉಗಿ ಎಂಜಿನ್ನಿನ ಸಿಲಿಂಡರಿಗೇ ಕೈಹಾಕಿದೆ. ಒಳ್ಳೇ ಹಿತ್ತಾಳೆ ತುಂಡು ಹಾಳಾಯಿತು. ನೀವು 25 ಮಿ.ಮೀ. ಮೈಲ್ಡ್ ಸ್ಟೀಲ್ ಸರಳಿನಲ್ಲಿ ಕೈ ಪಳಗಿಸಿಕೊಳ್ಳಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕತ್ತರಿಸುವ ಟೂಲಿಗೆ ನಿಮಿಷಕ್ಕೆ ಸುಮಾರು 300 ಸುತ್ತು ಸಾಕು. ಟೂಲಿನ ತುದಿ ಸೆಂಟರಿಗಿಂತ (ಸರಳು ತಿರುಗುವ ನಡುರೇಖೆಗಿಂತ) ಕೂದಲೆಳೆ ಕೆಳಗಿದ್ದರೂ ಫೇಸಿಂಗ್ ಮಾಡುವಾಗ, ಅಂದರೆ ಸರಳಿನ ತುದಿಯ ಮುಖ ಸಮ ಮಾಡುವಾಗ, ನಟ್ಟನಡುವೆ ಪುಟ್ಟ ಉಬ್ಬು ಉಳಿಯುತ್ತದೆ. ಟೂಲಿನ ಕೆಳಗೆ ತೆಳು ಶಿಮ್ (ತಗಡಿನ ಪಟ್ಟಿ) ಕೊಟ್ಟು ಎತ್ತಿ.

ಗ್ಲೌಸ್ ಬೇಡ, ಕನ್ನಡಕ ಬೇಕೇ ಬೇಕು. ಚಕ್ ಬಿಗಿ ಮಾಡುವ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಮೋಟಾರ್ ಹಾಕಬೇಡಿ, ನೆನಪಿದೆ ಅಲ್ವಾ? ಮೊದಲ ತುಂಡಿನ ಫೋಟೊ ಇಲ್ಲಿ ಹಾಕಿ, ಸೊಟ್ಟಗಿದ್ದರೂ ಸರಿ.