ರೈಲಿನಲ್ಲಿ ಸಿಕ್ಕ ಆ ಹಿರಿಯರಿಗೆ

ಹೋದ ತಿಂಗಳು ಬೆಂಗಳೂರಿನಿಂದ ಮೈಸೂರಿಗೆ ಹೊರಟ ರೈಲಿನಲ್ಲಿ ನನ್ನೆದುರು ಕೂತಿದ್ದಿರಿ. ಹೆಸರು ಕೇಳಲೇ ಇಲ್ಲ. ಅದಕ್ಕೇ ಈ ಪತ್ರ.

ಅಗಾಥಾ ಕ್ರಿಸ್ಟಿಯವರ 1926ರ ಪತ್ತೇದಾರಿ ಕಾದಂಬರಿ, ರೋಜರ್ ಆಕ್ರಾಯ್ಡ್ ಕೊಲೆಯದ್ದು, ನನ್ನ ಕೈಲಿತ್ತು. ಅರ್ಧಕ್ಕೇ ತಾಳ್ಮೆ ತಪ್ಪಿ ಕೊನೆಯ ಪುಟ ತೆಗೆಯಲು ಹೊರಟಿದ್ದೆ. ನೀವು ಪುಸ್ತಕದ ಮೇಲೆ ಮೆಲ್ಲಗೆ ಕೈ ಇಟ್ಟು, "ಬೇಡಮ್ಮ, ಈ ಖುಷಿ ಒಂದೇ ಸಲ ಸಿಗೋದು" ಅಂದಿರಿ.

ಆಮೇಲೆ ಎಷ್ಟೆಲ್ಲ ಹೇಳಿದಿರಿ! ಮೊದಲ ಮಹಾಯುದ್ಧದಲ್ಲಿ ಕ್ರಿಸ್ಟಿ ಇಂಗ್ಲೆಂಡಿನ ಟಾರ್ಕಿ ಊರಿನ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಮಾಡಿದ್ದರು, ವಿಷದ ಲೆಕ್ಕ ಕಲಿತದ್ದು ಅಲ್ಲೇ. ಕಾನನ್ ಡಾಯ್ಲ್‌ಗೆ ಪತ್ತೇದಾರ ಷರ್ಲಾಕ್ ಹೋಮ್ಸ್ ಹೊಳೆದದ್ದು ಎಡಿನ್‌ಬರೋದಲ್ಲಿ ವೈದ್ಯಕೀಯ ಕಲಿಸಿದ ಮೇಷ್ಟ್ರು ಜೋಸೆಫ್ ಬೆಲ್ ಅವರಿಂದ. ಬೆಲ್ ರೋಗಿಯನ್ನು ನೋಡಿಯೇ ಅವನ ಕಸುಬು ಹೇಳಿಬಿಡುತ್ತಿದ್ದರಂತೆ. ಇವರ್ಯಾರೂ ಸುಮ್ನೆ ಕತೆ ಕಟ್ಟಿದವರಲ್ಲ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಮಂಡ್ಯದಲ್ಲಿ ಇಳಿಯುವ ಮುಂಚೆ ಚೀಟಿಯೊಂದರ ಮೇಲೆ ಪೆನ್ಸಿಲ್ಲಿನಲ್ಲಿ "ಮುಗಿದ ಮೇಲೆ ಮತ್ತೆ ಮೊದಲಿಂದ" ಅಂತ ಬರೆದುಕೊಟ್ಟಿರಿ. ಹಾಗೇ ಮಾಡಿದೆ. ಎರಡನೇ ಓದಿನಲ್ಲಿ ಎದೆ ಝಲ್ಲೆಂದಿತು. ಸುಳಿವುಗಳೆಲ್ಲ ಕಣ್ಣೆದುರೇ ಇದ್ದವು! ಒಂದೊಂದು ವಾಕ್ಯಕ್ಕೂ ಎರಡು ಅರ್ಥ. ಮೋಸವಿಲ್ಲದೆ ಓದುಗರನ್ನು ಹೀಗೆ ದಾರಿ ತಪ್ಪಿಸುವುದು ದೊಡ್ಡ ಕಲೆ, ಅಲ್ವಾ?

ತುಂಬಾ ಥ್ಯಾಂಕ್ಸ್ ಸರ್. ಈಗ ಚೆಸ್ಟರ್ಟನ್ನರ ಪತ್ತೇದಾರ ಪಾದ್ರಿ ಫಾದರ್ ಬ್ರೌನ್ ಕತೆಗಳನ್ನು ಓದುತ್ತಿದ್ದೇನೆ. ನಿಮ್ಮ ಚೀಟಿ ಅದರೊಳಗಿದೆ.