ಆಡಮ್‌ನಿಗೆ ಎಷ್ಟು ಪುಟ?

ಪ್ರಿಯ ತಂಗಿ,

ಹದಿನೆಂಟನೆಯ ಶತಮಾನದಲ್ಲಿ ವಲಸಿಗರನ್ನು ಅಮೆರಿಕದ ಕೆಂಟಕಿಗೆ ಕರೆದೊಯ್ದ ಡ್ಯಾನಿಯಲ್ ಬೂನ್‌ನ ವಂಶದ ಕಥೆ, ನಿನ್ನ ಹಸ್ತಪ್ರತಿ, ತಲುಪಿತು. ಮೇಲಿಟ್ಟಿದ್ದ ಪತ್ರವನ್ನು ಮೊದಲು ಓದಿದ್ದರಿಂದ ಹಸ್ತಪ್ರತಿಯನ್ನು ಸಿಟ್ಟಿನಲ್ಲಿಯೇ ಓದಲು ತೊಡಗಿದೆ. ನಡುವೆ ಎಲ್ಲೋ ಸಿಟ್ಟು ಇಳಿಯಿತು, ಐದನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಮತ್ತೆ ಏರಿತು. ಡ್ಯಾನಿಯಲ್ ಬೂನ್‌ನ ವಂಶದವರೊಬ್ಬರು ನಿನ್ನ ಮೊದಲ ಅಧ್ಯಾಯದ ಸಾರಾಂಶ ಕೇಳಿ ಹೊಗಳಿದರಂತೆ, ಮುಂದಿನದನ್ನು ಕೇಳಿ ಮುಖ ಸಿಂಡರಿಸಿದರಂತೆ, ‘ಇದು ನಿಮ್ಮ ಮನೆತನದ ಕಥೆಯಲ್ಲವಲ್ಲ’ ಎಂದರಂತೆ. ಅಷ್ಟಕ್ಕೇ ‘ಇಲ್ಲಿಗೇ ನಿಲ್ಲಿಸಲೇ ಸರ್?’ ಎಂದು ಕೇಳುತ್ತೀಯ. ಲೆಕ್ಸಿಂಗ್ಟನ್‌ನಲ್ಲಿ ಕೆಲಸ ಮುಗಿಸಿ ಬಂದು ರಾತ್ರಿಯೆಲ್ಲ ಕೂತು ಕನ್ನಡದಲ್ಲಿ ಇಂಥ ಪುಸ್ತಕ ಬರೆಯುವ ಧೈರ್ಯ ಇದ್ದವಳಿಗೆ ಒಂದು ಮಾತನ್ನು ತಡೆದುಕೊಳ್ಳುವ ಧೈರ್ಯ ಇಲ್ಲವೇ?

ಸಣ್ಣ ಸಂಗತಿಗಳ ಬಗ್ಗೆ ನಾನು ಹೇಳಬೇಕಾದದ್ದು ಕಡಿಮೆ. 1752ಕ್ಕೆ ಮೊದಲು ಇಂಗ್ಲಿಷರ ವಸಾಹತುಗಳಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಬೂನ್‌ನ ಮನೆಯವರಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥದವರಿಗೆ ಮೊದಲ ತಿಂಗಳು ಮಾರ್ಚ್, ಬೂನ್ ಹುಟ್ಟಿದ್ದು ಹಳೆಯ ಕ್ಯಾಲೆಂಡರಿನ ಲೆಕ್ಕದಲ್ಲಿ 1734ರ ಅಕ್ಟೋಬರ್ 22, ಹೊಸ ಲೆಕ್ಕದಲ್ಲಿ ನವೆಂಬರ್ 2. ಇದೆಲ್ಲ ನಿನಗೆ ಗೊತ್ತಿದೆ. ಬೂನ್‌ನ ಅಪ್ಪನ ಹೆಸರೂ ಸ್ಕ್ವೈರ್, ತಮ್ಮನ ಹೆಸರೂ ಸ್ಕ್ವೈರ್. ಎರಡು ಕಡೆ ಒಬ್ಬನ ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟಿದ್ದೀಯ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಭಾಷೆ ಚೆನ್ನಾಗಿದೆ. ‘ಅಪ್ರತಿಮ’ ಎಂಬ ಮಾತನ್ನು ಎಲ್ಲ ಕಡೆಯೂ ಹೊಡೆದುಹಾಕಿದ್ದೇನೆ, ಕಾರಣ ಕೇಳಬೇಡ.

ನನ್ನ ತಕರಾರು ಒಂದೇ. ನೀನು ಈ ಪುಸ್ತಕವನ್ನು ಬೂನ್‌ನ ವಂಶದವರು ಒಪ್ಪಲಿ ಎಂದು ಬರೆಯುತ್ತಿದ್ದೀಯ.

ನಿನ್ನ ಎರಡನೆಯ ಅಧ್ಯಾಯವನ್ನೇ ತೆಗೆದುಕೋ. ಪೆನ್ಸಿಲ್ವೇನಿಯದ ಎಕ್ಸೆಟರ್ ಕ್ವೇಕರ್ ಸಭೆಯ ನಡಾವಳಿಯಿಂದ ಎಂಥ ಸರಕು ಎತ್ತಿದ್ದೀಯ! ಹಿರಿಯ ಮಗಳು ಸಾರಾ 1742ರಲ್ಲಿ ಕ್ವೇಕರನಲ್ಲದವನನ್ನು ಮದುವೆಯಾದಳು, ಮದುವೆಯ ಹೊತ್ತಿಗೇ ಗರ್ಭಿಣಿ. ನೇಕಾರನೂ ಕಮ್ಮಾರನೂ ಆಗಿದ್ದ ಅಪ್ಪ ಸ್ಕ್ವೈರ್ ಸಭೆಯ ಮುಂದೆ ನಿಂತು ಕ್ಷಮೆ ಕೇಳಿದ. ಐದು ವರ್ಷ ಕಳೆದು ಮಗ ಇಸ್ರೇಲ್ ಕೂಡ ಹೊರಗಿನವಳನ್ನೇ ತಂದ. ಈ ಸಲ ಸ್ಕ್ವೈರ್ ಬಾಗಲಿಲ್ಲ, ಸಭೆ ಅವನನ್ನು ಹೊರಗೆ ಹಾಕಿತು. 1750ರಲ್ಲಿ ಸಂಸಾರ ಗಾಡಿ ಕಟ್ಟಿಕೊಂಡು ದಕ್ಷಿಣಕ್ಕೆ, ಉತ್ತರ ಕೆರೊಲಿನದ ಯಾಡ್ಕಿನ್ ಕಣಿವೆಯ ಕಡೆಗೆ ಹೊರಟಿತು. ಇದನ್ನು ನೀನು ಮೂರು ಪುಟ ಜೀವ ತುಂಬಿ ಬರೆದು, ಕೊನೆಗೆ ಅದೇನು ಹೆದರಿಕೆಯೋ, ‘ಆದರೂ ಇದು ಅತ್ಯಂತ ಗೌರವಾನ್ವಿತ ಕುಟುಂಬವಾಗಿತ್ತು’ ಎಂದು ಒಂದು ಸಾಲು ಅಂಟಿಸಿದ್ದೀಯ. ಯಾರಿಗೆ ಕೊಟ್ಟ ಸಮಜಾಯಿಷಿ ಇದು? ಮಕ್ಕಳು ಹೇಳಿದಂತೆ ಕೇಳಿ ಮದುವೆಯಾಗಿದ್ದರೆ ಆ ನಡಾವಳಿಯಲ್ಲಿ ಸ್ಕ್ವೈರ್‌ಗೆ ಇಷ್ಟು ಜಾಗ ಎಲ್ಲಿ ಸಿಗುತ್ತಿತ್ತು? ಮರ್ಯಾದೆಯಿಂದ ಬಾಳಿದವರು ಕಾಗದದಲ್ಲಿ ಉಳಿಯುವುದು ಹುಟ್ಟು, ಮದುವೆ, ಸಾವು ಎಂಬ ಮೂರು ಸಾಲುಗಳಲ್ಲಿ. ಮಿಕ್ಕ ಕಾಗದವೆಲ್ಲ ತಪ್ಪು, ಸಾಲ, ಜಗಳಗಳದ್ದು.

ಕೆಂಟಕಿಯ ಜಮೀನಿನ ವಿಚಾರದಲ್ಲಿ ಇದು ನಿನಗೆ ಗೊತ್ತಾಗಿಯೇ ಇದೆ. ಈ ಮೂಲೆಗೆ ಬಿಳಿ ಓಕ್, ಆ ಮೂಲೆಗೆ ಬೀಚ್ ಮರ ಎಂದು ಗುರುತು ಮಾಡಿ ಅಳೆದ ಭೂಮಿಗಳು ಒಂದರ ಮೇಲೊಂದು ಬಿದ್ದು, ದಶಕಗಟ್ಟಲೆ ವ್ಯಾಜ್ಯ ನಡೆದು, ಯಾರು ಯಾವ ಹಳ್ಳದ ಬಳಿ ಬಿಡಾರ ಹೂಡಿದ್ದರೆಂದು ಮುದುಕರೆಲ್ಲ ಸಾಕ್ಷಿ ನುಡಿದರು. ಬೂನ್ ಸ್ವತಃ ಸರ್ವೆ ಮಾಡುತ್ತಿದ್ದವನು, ಆದರೂ ಜಮೀನು ಕಳೆದುಕೊಂಡ. ಆ ವ್ಯಾಜ್ಯದ ಕಡತಗಳಿಂದಲೇ ನಿನ್ನ ಮೂರನೆಯ ಅಧ್ಯಾಯ ನಿಂತಿದೆ. 1778ರಲ್ಲಿ ಅವನ ಮೇಲೆ ದ್ರೋಹದ ಆರೋಪ ಬಂದು ಸೈನಿಕ ವಿಚಾರಣೆ ನಡೆಯಿತು. ಖುಲಾಸೆಯಾಗಿ ಬಡ್ತಿಯೂ ಸಿಕ್ಕಿತು. ಆದರೆ 1784ರಲ್ಲಿ ಜಾನ್ ಫಿಲ್ಸನ್ ಅಚ್ಚು ಹಾಕಿಸಿದ, ಬೂನ್‌ನ ಬಾಯಿಂದಲೇ ಬಂದದ್ದೆಂದು ಹೇಳಿಕೊಂಡ ಕಥನದಲ್ಲಿ ಇದರ ಸೊಲ್ಲೇ ಇಲ್ಲ. ನಾಯಕನೇ ನುಂಗಿಕೊಂಡದ್ದನ್ನು ಹೊರತೆಗೆದವಳು ನೀನು, ತೆಗೆದು ಅಡಿಟಿಪ್ಪಣಿಗೆ ತಳ್ಳಿದ್ದೀಯ! ಮೇಲೆ ತಾ.

ನಮ್ಮ ಕಡೆ ಎತ್ತಿನ ಮೇಲೆ ಬಂದು ಅಂಗಳದಲ್ಲಿ ನಿಂತು ಮನೆಯವರ ವಂಶ ಹೇಳುವ ಹೆಳವರನ್ನು ನೀನು ಕಂಡಿದ್ದೀಯೋ ಇಲ್ಲವೋ. ಅದ್ಭುತ ನೆನಪು ಅವರದು. ಆದರೆ ಕಾಳು ಅಳೆದು ಕೊಡುವ ಯಜಮಾನ ಎದುರಿಗೆ ನಿಂತಿರುವಾಗ ಅವನ ಅಜ್ಜನ ಕೆಟ್ಟ ಹೆಸರು ಹಾಡಿನೊಳಗೆ ಬರುವುದು ಕಷ್ಟ. ಅಮೆರಿಕದಲ್ಲಿ ಅದು ದೊಡ್ಡ ವ್ಯಾಪಾರವೇ ಆಯಿತು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಗುಸ್ಟೇವ್ ಆಂಜೂ ಎಂಬವನು ಸಾವಿರಾರು ಡಾಲರ್ ಪಡೆದು ಶ್ರೀಮಂತರಿಗೆ ವಂಶಾವಳಿ ಹೊಸೆದುಕೊಡುತ್ತಿದ್ದ. ನಿಜವಾದ ದಾಖಲೆಗಳ ನಡುವೆ ಒಂದೆರಡು ಸುಳ್ಳು ಕೊಂಡಿ ಸೇರಿಸಿದರೆ ಯಾವ ಅಂಗಡಿಯವನೂ ಯುರೋಪಿನ ಸರದಾರನ ಸಂತಾನವಾಗುತ್ತಿದ್ದ. ಅವನು ಹೊಸೆದದ್ದನ್ನು ನಂಬಿ ನಕಲು ಮಾಡಿಕೊಳ್ಳುವವರು ಇವತ್ತಿಗೂ ಸಿಗುತ್ತಾರೆ.

ನನ್ನದೂ ಒಂದು ಹಳೆಯ ಗಾಯ ಇದೆ, ಹೇಳಿಬಿಡುತ್ತೇನೆ. ಒಂದು ದೊಡ್ಡ ಮನೆತನದವರು ತಮ್ಮ ಇತಿಹಾಸ ಬರೆಸಿದರು. ಮುತ್ತಜ್ಜನ ಎರಡನೆಯ ಸಂಸಾರದ ಅಧ್ಯಾಯ ತೆಗೆಯಿರಿ ಎಂದರು. ನಾನು ಒಪ್ಪಲಿಲ್ಲ. ಪುಸ್ತಕ ಹೊರಬಂದಾಗ ಆ ಅಧ್ಯಾಯವೂ ಇರಲಿಲ್ಲ, ನನ್ನ ಹೆಸರೂ ಇರಲಿಲ್ಲ; ಬಿಡುಗಡೆಯ ದಿನ ನನಗೆ ಶಾಲು ಹೊದಿಸಲು ಮಾತ್ರ ಮರೆಯಲಿಲ್ಲ. ಆ ಎರಡನೆಯ ಸಂಸಾರದ ಮೊಮ್ಮಗಳೊಬ್ಬಳು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಇನ್ನೂ ಸಿಟ್ಟು ಬರುತ್ತದೆ.

ಈಗ ಐದನೆಯ ಅಧ್ಯಾಯ. 1773ರ ಅಕ್ಟೋಬರ್. ಬೂನ್ ಕೆಲವು ಸಂಸಾರಗಳನ್ನು ಕಟ್ಟಿಕೊಂಡು ಕೆಂಟಕಿಗೆ ಹೊರಟಿದ್ದಾನೆ. ಹದಿನಾರರ ಹುಡುಗ ಜೇಮ್ಸ್, ಬೂನ್‌ನ ಹಿರಿಯ ಮಗ, ಹಿಟ್ಟು ಮುಂತಾದ ಸಾಮಾನು ತರಲು ಹಿಂದೆ ಹೋಗಿ, ಮುಖ್ಯ ತಂಡದಿಂದ ಕೆಲವೇ ಮೈಲಿ ದೂರದಲ್ಲಿ ರಾತ್ರಿ ಉಳಿದಿದ್ದಾನೆ. ಬೆಳಗಿನ ಜಾವ ದಾಳಿಯಾಗುತ್ತದೆ. ಜೇಮ್ಸ್‌ನನ್ನೂ ಬೂನ್‌ನ ಜೊತೆಗಾರ ವಿಲಿಯಂ ರಸೆಲ್‌ನ ಮಗ ಹೆನ್ರಿಯನ್ನೂ ಹಿಂಸಿಸಿ ಕೊಲ್ಲುತ್ತಾರೆ. ನೀನು ಇದನ್ನು ಓದಲಾಗದಷ್ಟು ಚೆನ್ನಾಗಿ ಬರೆದಿದ್ದೀಯ, ಪುಟ ಮಗುಚಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ. ಅದರ ಬೆನ್ನಿಗೇ ‘ತಪ್ಪಿಸಿಕೊಂಡ ಒಬ್ಬ ಸೇವಕನಿಂದ ವಿಷಯ ತಿಳಿಯಿತು’ ಎಂದು ಬರೆದು ಮುಂದೆ ನಡೆದುಬಿಟ್ಟಿದ್ದೀಯ.

ಅವನು ಸೇವಕನಲ್ಲ, ರಸೆಲ್‌ನ ಗುಲಾಮ. ಹೆಸರು ಆಡಮ್. ಹೊಳೆಯ ದಡದಲ್ಲಿ ತೇಲಿಬಂದು ರಾಶಿಬಿದ್ದ ಮರದ ತುಂಡುಗಳೊಳಗೆ ಅಡಗಿ ಎಲ್ಲವನ್ನೂ ನೋಡಿದ, ಕೇಳಿದ, ಆಮೇಲೆ ಎಷ್ಟೋ ದಿನ ಕಾಡಿನಲ್ಲಿ ಅಲೆದು ವಸತಿ ಸೇರಿದ. ಚಾರ್ಲ್ಸ್ ಎಂಬ ಇನ್ನೊಬ್ಬ ಗುಲಾಮನನ್ನು ದಾಳಿಕೋರರು ಎಳೆದುಕೊಂಡು ಹೋಗಿ ಕೊಂದರು. ನೀನು ಬರೆದಿರುವ ಆ ಮೂರು ಪುಟಗಳಲ್ಲಿ ಕಣ್ಣಾರೆ ಕಂಡ ಸಂಗತಿಯೆಲ್ಲ ಬಂದದ್ದು ಆಡಮ್‌ನ ಬಾಯಿಂದ. ಜೇಮ್ಸ್‌ನ ವಂಶವನ್ನು ಇಂಗ್ಲೆಂಡಿನ ಡೆವನ್‌ವರೆಗೆ, 1717ರಲ್ಲಿ ಹಡಗು ಹತ್ತಿ ಬಂದ ಮುತ್ತಜ್ಜ ಜಾರ್ಜ್‌ನವರೆಗೆ ಹಿಡಿದುಕೊಂಡು ಹೋಗುವವಳಿಗೆ ಈತನ ಹೆಸರು ಬರೆಯಲು ಏನಡ್ಡಿ? ವಂಶಸ್ಥರ ಪಟ್ಟಿಯಲ್ಲಿ ಅವನಿಲ್ಲ, ಅದೇ ತಾನೇ?

1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ. ಅಲ್ಲಿ ಒಡೆಯನ ಹೆಸರು, ಅದರಡಿ ಇವರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಚ್ಚು ಕಡೆ ಹೆಸರಿಲ್ಲ. ಗುಲಾಮಗಿರಿಯಿಂದ ಹೊರಬಂದವರೆಲ್ಲರ ಹೆಸರು ಗಣತಿಯಲ್ಲಿ ಬಂದದ್ದು 1870ರಲ್ಲಿ. ಆಫ್ರಿಕನ್ ಅಮೆರಿಕನ್ನರು ತಮ್ಮ ಹಿರಿಯರನ್ನು ಹುಡುಕುತ್ತ ಹೋದರೆ ಆ ವರ್ಷದ ಗೋಡೆಗೆ ಹಣೆ ಬಡಿಯುತ್ತದೆ. ಅದರಾಚೆಗೆ ಹೋಗಲು ಅವರಿಗೆ ಇರುವ ದಾರಿ ಒಡೆಯರ ಮನೆಯ ಉಯಿಲು, ತೆರಿಗೆ ಪಟ್ಟಿ, ಮಾರಾಟದ ಕಾಗದ. 1787ರ ಹೊತ್ತಿಗೆ ಬೂನ್‌ನ ಬಳಿಯೂ ಏಳು ಮಂದಿ ಗುಲಾಮರಿದ್ದರು. ನಿನ್ನ ವಂಶವೃಕ್ಷದ ಪಟದಲ್ಲಿ ಆ ಏಳು ಜನರಿಗೆ ಜಾಗ ಮಾಡು. ಹೆಸರು ಸಿಗದಿದ್ದರೆ ಏಳು ಖಾಲಿ ಚೌಕಗಳನ್ನಾದರೂ ಬಿಡು. ಬೂನ್‌ನನ್ನು ಮಗನಾಗಿ ತೆಗೆದುಕೊಂಡು ಶೆಲ್ಟೊವೀ ಎಂದು ಹೆಸರಿಟ್ಟ, ಶಾನೀ ಎಂಬ ಮೂಲನಿವಾಸಿ ಬುಡಕಟ್ಟಿನ ಮುಖಂಡ ಬ್ಲ್ಯಾಕ್‌ಫಿಷ್ ಕೂಡ ಆ ಪಟದಲ್ಲಿಲ್ಲ. ಶಾನೀಗಳ ಪದ್ಧತಿಯಲ್ಲಿ ಅವನೂ ಅಪ್ಪನೇ.

ಬೂನ್‌ನ ಮಗಳು ಜೆಮೈಮಾಳ ವಿಷಯಕ್ಕೆ ಬರುತ್ತೇನೆ. ಬೂನ್ ಊರಿನಲ್ಲಿಲ್ಲದಾಗ ಹುಟ್ಟಿದಳು, ತಮ್ಮನ ಮಗಳಂತೆ, ಬೂನ್ ತಿಳಿದೂ ನಕ್ಕು ಒಪ್ಪಿಕೊಂಡನಂತೆ ಎಂಬ ಕಥೆ. ಇದಕ್ಕೆ ಆ ಕಾಲದ ಒಂದು ಚೀಟಿಯ ಆಧಾರವೂ ಇಲ್ಲ. ಹೇಳುವವರು ಬದಲಾದಂತೆ ತಮ್ಮನ ಹೆಸರು ಬದಲಾಗುತ್ತದೆ, ಬೂನ್ ದೂರವಿದ್ದ ಅವಧಿಯೂ ಬದಲಾಗುತ್ತದೆ. ನೀನು ಮೊದಲು ಬೂನ್‌ನ ಹೆಂಡತಿ ರೆಬೆಕಾಳ ಕಣ್ಣೀರಿನ ದೃಶ್ಯ ಕಟ್ಟಿ, ವಂಶದವರು ಮುನಿದ ಮೇಲೆ ಇಡೀ ಪ್ರಸಂಗವನ್ನೇ ಕತ್ತರಿಸಿದೆ ಎಂದು ಬರೆದಿದ್ದೀಯ. ಎರಡೂ ಬೇಡ ತಂಗಿ! ಕಥೆ ಇತ್ತು, ಇಂತಿಂಥವರು ಇಷ್ಟು ವರ್ಷದ ಮೇಲೆ ಹೇಳಿದರು, ಇಲ್ಲಿ ಇಲ್ಲಿ ಹೊಂದುವುದಿಲ್ಲ ಎಂದು ಬರೆ. ಹಳೆಯ ಕಾಗದಪತ್ರ ಕೂಡಿಸುತ್ತಿದ್ದ ಲೈಮನ್ ಡ್ರೇಪರ್ 1851ರಲ್ಲಿ ಮಿಸೌರಿಗೆ ಹೋಗಿ ಬೂನ್‌ನ ಕಿರಿಯ ಮಗ ನೇಥನ್‌ನನ್ನೂ ಸೊಸೆ ಆಲಿವ್‌ಳನ್ನೂ ಕೂರಿಸಿಕೊಂಡು ಕೇಳಿ ಕೇಳಿ ಬರೆದುಕೊಂಡ. ಅವನು ಕೂಡಿಸಿದ್ದೆಲ್ಲ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿದೆ, ಐನೂರರ ಹತ್ತಿರದ ಸಂಪುಟಗಳು. ಬೂನ್‌ನ ಜೀವನಚರಿತ್ರೆಯನ್ನು ಮಾತ್ರ ಅವನು ಮುಗಿಸಲೇ ಇಲ್ಲ. ನೀನು ಅವನಂತೆ ಕೂಡಿಸುತ್ತಲೇ ಕೂರುವುದೂ ನನಗೆ ಬೇಡ.

‘ನಿಮ್ಮ ಮನೆತನದ ಕಥೆಯಲ್ಲ’ ಎಂದವರ ಮಾತು ನಿಜ. ಆ ಮನೆಯ ಮರ್ಯಾದೆ ಕಾಯುವ ಹೊಣೆ ನಿನ್ನ ಮೇಲಿಲ್ಲ, ಅವರಿಂದ ನಿನಗೆ ಬರಬೇಕಾದ ಕಾಳೂ ಇಲ್ಲ. ಇಷ್ಟು ಸ್ವತಂತ್ರಳಾಗಿ ಈ ವಂಶದ ಕಥೆ ಬರೆಯುವ ಅವಕಾಶ ಅವರಿಗೇ ಸಿಗುವುದು ಕಷ್ಟ.

ಮಿಸೌರಿಯ ಅಧ್ಯಾಯಗಳನ್ನು ನಾನಿನ್ನೂ ಓದಿಲ್ಲ, ಈಗಲೇ ಓದುವುದೂ ಇಲ್ಲ. ಐದನೆಯದನ್ನು ಮತ್ತೆ ಬರೆದು ಮೊದಲು ಕಳಿಸು. ಅಕ್ಷರ ದೊಡ್ಡದಿರಲಿ, ಕಾಗದದ ಮೇಲಿರಲಿ. ಮೊಬೈಲಿನಲ್ಲಿ ಓದಲು ನನ್ನ ಕಣ್ಣಿಗೆ ಆಗದು. ಆ ವಂಶದವರಿಗೆ ಈ ಸಲ ಸಾರಾಂಶ ಹೇಳಲು ಹೋಗಬೇಡ.

ಆಶೀರ್ವಾದಗಳೊಂದಿಗೆ,
ನಿನ್ನ ಮೇಷ್ಟ್ರು